‘ಎಂಪ್ಟಿ’ಗೆ ಮೂರು ವಾಕ್ಯ

ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಉದಾಹರಣೆ ಬರೆಯುವವಳು ನಾನು. ಪದಕ್ಕೊಂದು ಕಾರ್ಡು, ಕಾರ್ಡಿಗೆ ಮೂರು ವಾಕ್ಯ. ನಮ್ಮ ಸಂಪಾದಕರದು ಒಂದೇ ಹಟ: ವಾಕ್ಯ ಕಟ್ಟುಕತೆಯಾಗಬಾರದು, ಕಣ್ಣಾರೆ ಕಂಡದ್ದಿರಬೇಕು, ಕಂಡವರು ಕೆಳಗೆ ಸಹಿ ಹಾಕಬೇಕು. ಊಟದ ಬಿಡುವಿನಲ್ಲಿ ಟೈಪಿಸ್ಟ್ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಕಿವಿಗೊಪ್ಪಿದರೆ ಅಚ್ಚಿಗೆ. ಇದು ಯಾರ ಮನೆಯ ಗುಟ್ಟು ಎಂದು ಊಹಿಸುವುದೇ ನಮಗೆಲ್ಲ ಮಜಾ. ‘ಬಾಲ್ಡ್’ ಪದದ ದಿನ ಬೋಳುತಲೆಯ ಗುಮಾಸ್ತರು ಟೋಪಿ ಹಾಕಿಕೊಂಡೇ ಊಟಕ್ಕೆ ಕೂತಿದ್ದರು.

ಟೈಪಿಸ್ಟ್ ನನ್ನ ತಂಗಿ. ಇಪ್ಪತ್ತಾರಕ್ಕೇ ಗರ್ಭಕೋಶ ತೆಗೆಸಿಕೊಂಡವಳು. ಆಸ್ಪತ್ರೆಯ ಹೊರಗೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಹದಿನಾಲ್ಕು ವರ್ಷ ನನ್ನ ಬಟ್ಟೆ ಒಗೆದು, ಮಂಡಿಗೆ ಎಣ್ಣೆ ತಿಕ್ಕಿ, ಬೈಸಿಕೊಂಡು ಬಿದ್ದಿದ್ದಳು. ಅಂಥವಳ ಮೇಲೆ ನಮ್ಮ ಬೈಂಡರನ ಕಣ್ಣು ಬಿತ್ತು. ಹೆಂಡತಿ ಸತ್ತವನು, ಮಕ್ಕಳೆಂದರೆ ಪ್ರಾಣ. ಉಳಿದ ಕಾಗದದಲ್ಲಿ ಬೀದಿಯ ಮಕ್ಕಳಿಗೆಲ್ಲ ನೋಟ್‌ಬುಕ್ಕು ಹೊಲಿದುಕೊಡುತ್ತಿದ್ದ.

“ಅಕ್ಕಾ, ಮುಂದಿನ ತಿಂಗಳು ಮದುವೆ ಆಗೋಣ ಅಂತಿದ್ದಾರೆ,” ಎಂದಳು ಒಂದು ಸಂಜೆ, ನನ್ನ ಕಾಲು ಒತ್ತುತ್ತಲೇ.

“ನನ್ನ ಕಾಲು ಯಾರೇ ಒತ್ತೋರು?”

“ಯಾರನ್ನಾದ್ರೂ ಕೆಲಸಕ್ಕಿಟ್ಕೋ ಅಕ್ಕ.”

ಕೆಲಸಕ್ಕಂತೆ! ಮೈಯೆಲ್ಲ ಉರಿದುಹೋಯಿತು.

ಆ ವಾರ ‘ಎಂಪ್ಟಿ’ಯ ಸರದಿ. ಸಣ್ಣ ಮಕ್ಕಳಿಗೂ ಗೊತ್ತಿರುವ ಗುಣವಾಚಕ. ಅರ್ಥ ಬರೆದೆ: ಖಾಲಿ, ಒಳಗೇನೂ ಇಲ್ಲದ. ಒಂದು, ಬೆಳಗ್ಗೆ ನೋಡಿದರೆ ಹಾಲಿನ ಪಾತ್ರೆ ಖಾಲಿ. ಎರಡು, ಕೊನೆಯ ಬಸ್ಸು ಖಾಲಿ ಬಂತು. ಮೂರು, ಗರ್ಭಕೋಶ ತೆಗೆಸಿಕೊಂಡ ನನ್ನ ತಂಗಿಯ ಒಡಲು ಖಾಲಿ. ಕೆಳಗೆ ಸಹಿ ಹಾಕಿದೆ.

ಮಧ್ಯಾಹ್ನ ಅವಳು ಓದಲು ನಿಂತಳು. ಪಾತ್ರೆ, ಬಸ್ಸು ಸರಾಗವಾಗಿ ಸಾಗಿದವು. ಆಮೇಲೆ ನನ್ನ ಮುಖ ನೋಡಿದಳು. ನಾನು ತುತ್ತು ಬಾಯಿಗಿಟ್ಟೆ. ಮೂರನೆಯದನ್ನೂ ಓದಿದಳು, ಒಂದಕ್ಷರ ನುಂಗದೆ. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ನಾನು ಬೈಂಡರನ ಮುಖ ಬಾಡುವುದನ್ನೇ ಕಾಯುತ್ತಿದ್ದೆ.

ಅವನು ಡಬ್ಬಿಯ ಮುಚ್ಚಳ ಹಾಕಿದ. “ಮೊದಲನೇ ದಿನಾನೇ ಇವರು ನನಗೆ ಹೇಳಿದ್ರು,” ಎಂದ, ನನ್ನ ಕಡೆ ತಿರುಗಿ. “ಉಳಿದೋರಿಗೆ ಹೇಳೋ ಅಗತ್ಯ ಏನಿತ್ತು?”

ಆ ಸಂಜೆಯೇ ತಂಗಿ ಪೆಟ್ಟಿಗೆ ಕಟ್ಟಿಕೊಂಡು ಗೆಳತಿಯ ಮನೆಗೆ ಹೋದಳು.

ಮರುದಿನ ಊಟದ ಹೊತ್ತಿಗೆ ಮತ್ತೆ ಎದ್ದು ನಿಂತಳು. ಕೈಯಲ್ಲಿದ್ದ ಕಾರ್ಡು ನಾನು ಬರೆದದ್ದಲ್ಲ. “ಎನ್ವಿಯಸ್,” ಎಂದು ಓದತೊಡಗಿದಳು. “ಹೊಟ್ಟೆಕಿಚ್ಚಿನ. ಒಂದು, ತಂಗಿಗೆ ಆಪರೇಷನ್ ಆದ ದಿನ ಹೊಟ್ಟೆಕಿಚ್ಚಿನ ಅಕ್ಕ ನರ್ಸಿಗೆ ಹೇಳಿದಳು: ಸದ್ಯ, ಇನ್ನು ಇವಳು ನನ್ನ ಬಿಟ್ಟು ಎಲ್ಲೂ ಹೋಗಲ್ಲ.”

ಅವಳಿಗೆ ಆಗ ಮಂಪರು ಇಳಿದಿರಲಿಲ್ಲವೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಕೆಳಗೆ ಅವಳದೇ ಸಹಿಯಿತ್ತು.

ಯಾರೂ ಊಹಿಸುವ ಆಟ ಆಡಲಿಲ್ಲ. ಸಂಪಾದಕರು ಕಾರ್ಡನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದರು.

“ಇನ್ನೆರಡು ವಾಕ್ಯ ಬೇಕು. ನೀವೇ ಬರೀರಿ,” ಎಂದರು. “ನಿಜ ಇರಬೇಕು, ಮತ್ತೆ.”

ಕೈ ತೊಳೆದು ಬಂದು ಪೆನ್ನು ತೆಗೆದೆ. ಕಣ್ಣಾರೆ ಕಂಡದ್ದಕ್ಕೇನೂ ಕೊರತೆ ಇರಲಿಲ್ಲ.