ದಂತವೈದ್ಯರು ನೋಡದ ಬಾಯಿ

ದಂತವೈದ್ಯರು ಮೀನು ಆರಿಸಿದ್ದು ಕಾಯುವ ಕೋಣೆಯ ಸೋಫಾ ನೋಡಿ. ನೀಲಿ ಬಟ್ಟೆಗೆ ಹೊಂದಲೆಂದು ಬೆರಳುದ್ದವೂ ಇಲ್ಲದ ಹತ್ತು ನಿಯಾನ್ ಟೆಟ್ರಾ, ಕಿತ್ತಳೆ ದಿಂಬಿಗೆ ಹೊಂದಲೆಂದು ಅಂಗೈಯಗಲದ ಒಂದು ಆಸ್ಕರ್. "ಇವನ್ನ ಒಟ್ಟಿಗೆ ಬಿಡಬಾರದು ಸಾರ್" ಎಂದು ಅಂಗಡಿಯವನು ಬಡಿದುಕೊಂಡರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರದೊಳಗೆ ಟೆಟ್ರಾ ಮೂರಕ್ಕಿಳಿದವು. ತಪ್ಪು ಬಂದದ್ದು ಮೀನಿನ ಗಾಜಿನ ತೊಟ್ಟಿ ತೊಳೆಯುವ ಆಯಾಳ ತಲೆಗೆ.

"ನೀರಿನ ಜೊತೆ ಮೀನನ್ನೂ ಚೆಲ್ತಾ ಇದ್ದೀಯ. ನಾಳೆಯಿಂದ ಬರಬೇಡ."

ಹನ್ನೊಂದು ವರ್ಷದ ಕೆಲಸ. ಆದರೂ ಆಯಾಳ ನಾಲಿಗೆ ತಡವರಿಸಲಿಲ್ಲ.

"ಕಂಡವರ ಬಾಯಿಗೆಲ್ಲ ದೀಪ ಹಿಡಿದು ನೋಡ್ತೀರಲ್ಲ ಡಾಕ್ಟ್ರೇ, ಇದರ ಬಾಯೊಂದು ಸಲ ನೋಡಿ."

ಆಸ್ಕರಿನ ತುಟಿಯಂಚಿನಲ್ಲಿ ಪುಟ್ಟ ಬಾಲವೊಂದು ಇನ್ನೂ ಅಲ್ಲಾಡುತ್ತಿತ್ತು. ದವಡೆ ಹಿಡಿದು ಕೂತಿದ್ದ ಅಜ್ಜ ನೋವು ಮರೆತು ಕಿಸಕ್ಕನೆ ನಕ್ಕ.

"ಹೊಟ್ಟೆಗೆ ಸರಿಯಾಗಿ ಹಾಕಿದ್ರೆ ಹೀಗೆ ಮಾಡ್ತಿತ್ತಾ?" ಎಂದರು ವೈದ್ಯರು.

"ಹೊಟ್ಟೆ ತುಂಬಿದ್ರೂ ಬಾಯಲ್ಲಿ ಹಿಡಿಸೋದನ್ನೆಲ್ಲ ಅದು ನುಂಗುತ್ತಂತೆ. ಒಂದಡಿ ಬೆಳೆಯುತ್ತಂತೆ. ಮೇವು ತರೋಕೆ ಹೋದಾಗ ನಾನು ಕೇಳಿ ತಿಳ್ಕೊಂಡೆ. ನೀವು ಕೇಳಿದ್ದು ಬಣ್ಣ ಮಾತ್ರ."

ಆಯಾ ಉಳಿದೆರಡು ಟೆಟ್ರಾಗಳನ್ನು ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಬಿಟ್ಟಳು.

ಕ್ಷಮೆ ಕೇಳುವುದು ವೈದ್ಯರ ಜಾಯಮಾನದಲ್ಲೇ ಇರಲಿಲ್ಲ. "ನಾಳೆ ಬೇಗ ಬಾ, ಇನ್ನೊಂದು ತೊಟ್ಟಿ ತರಿಸ್ತೀನಿ" ಎಂದು ಗೊಣಗಿ, ಇಕ್ಕಳ ಕೈಗೆತ್ತಿಕೊಂಡು ಅಜ್ಜನನ್ನು ಒಳಗೆ ಕರೆದರು. ಅಜ್ಜನ ನಗು ಅಲ್ಲಿಗೆ ನಿಂತಿತು.