ಸೀತಕ್ಕನ ಇಪ್ಪತ್ತು ಅಂಕ

ಎಣ್ಣೆ ಕಾಯಿಸುವ ಸೀತಕ್ಕನಿಗೆ ಇಪ್ಪತ್ತಕ್ಕೆ ಇಪ್ಪತ್ತು! ಸುಪ್ರಿತಾ ಉತ್ತರಪತ್ರಿಕೆಯನ್ನು ಮೂರನೇ ಸಲ ತಿರುವಿ ಹಾಕಿದಳು. ಇಲ್ಲಿ ಏನೋ ಕಿತಾಪತಿ ನಡೆದಿದೆ.

ಕಡಬದ ಆ ಆಯುರ್ವೇದ ಚಿಕಿತ್ಸಾಲಯಕ್ಕೆ ಸ್ಪೇನಿನಿಂದ ಜನ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರೊಡನೆ ಮಾತಾಡಲು ಕೆಲಸದವರಲ್ಲೇ ಒಬ್ಬರನ್ನು ಕಾಯಂ ಮಾಡುವುದೆಂದು ಡಾಕ್ಟರು ನಿರ್ಧರಿಸಿ, ಸ್ಪ್ಯಾನಿಷ್ ಕಲಿಸಲು ಪುತ್ತೂರಿನಿಂದ ಸುಪ್ರಿತಾಳನ್ನು ಕರೆಸಿದ್ದರು. ಕೊನೆಯ ಪರೀಕ್ಷೆ ಭೂತಕಾಲದ್ದು. ‘ನಾನು ಹುಡುಕಿದೆ’, ‘ನಾನು ತಲುಪಿದೆ’ ಎನ್ನುವಾಗ ಮಾತ್ರ ಅಕ್ಷರ ಬದಲಿಸುವ ಹಾಳು ಕ್ರಿಯಾಪದಗಳು. ಕಲಿಯುವಾಗ ಸುಪ್ರಿತಾಳೇ ಅಲ್ಲಿ ಮುಗ್ಗರಿಸಿದ್ದಳು. ಈಗ ಇಬ್ಬರಿಗೆ ಪೂರ್ತಿ ಅಂಕ. ಒಬ್ಬ ಕೌಂಟರಿನಲ್ಲಿ ಕೂರುವ ಅಭಿರಾಮ, ಬಿ.ಕಾಂ. ಆದವನು. ಅವನದ್ದು ಸರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಇಚಿಲಂಪಾಡಿಯ ಹೆಂಗಸಿಗೆ ಹೇಗೆ? ಕ್ಲಾಸಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆಯಿದ್ದ ಸುಪ್ರಿತಾಳ ಚೀಲವನ್ನು ಎತ್ತಿ ಒಳಗಿಟ್ಟವಳೂ ಅವಳೇ. ಅನುಮಾನಕ್ಕೆ ಇನ್ನೆಷ್ಟು ಬೇಕು?

ಸುಪ್ರಿತಾ ಅವಳನ್ನು ಕರೆಸಿ ಎದುರು ಕೂರಿಸಿದಳು.

“ಸೀತಕ್ಕ, ಹನ್ನೊಂದನೇದು, ‘ನಾನು ವಿವರಿಸಿದೆ’. ಈಗ ಬರೀರಿ ನೋಡುವ.”

ಸೀತಕ್ಕ ಪೆನ್ನು ಹಿಡಿದು ಸುಮ್ಮನೆ ಕೂತಳು. ಸಿಕ್ಕಿಬಿದ್ದಳು ಎಂದು ಸುಪ್ರಿತಾಳಿಗೆ ಒಳಗೊಳಗೇ ಖುಷಿಯಾಯಿತು.

“ನಡುವಿಂದ ಕೇಳಿದ್ರೆ ನಂಗೆ ಬರುದಿಲ್ಲ ಟೀಚರೆ. ಮೊದಲಿಂದ ಹೇಳ್ಬೇಕು.”

“ಎಂತ ಮೊದಲಿಂದ?”

“ನೀವು ನಗ್ಬಾರ್ದು ಮತ್ತೆ.”

ಸೀತಕ್ಕ ಕಣ್ಣು ಮುಚ್ಚಿ ಹಾಡತೊಡಗಿದಳು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುವ ಧಾಟಿ. ಹುಡುಕುವ ಬುಸ್ಕಾರಿಗೆ ಸೀ ಹೋಗಿ ಕ್ಯೂ-ಯು ಬಂತು, ಬುಸ್ಕೆ. ತಲುಪುವ ಯೇಗಾರಿಗೆ ಜೀ ಪಕ್ಕ ಯು ಕೂತಿತು, ಯೇಗೆ. ಶುರುಮಾಡುವ ಎಂಪೆಸಾರಿಗೆ ಝಡ್ ಹೋಗಿ ಸೀ ಬಂತು, ಎಂಪೆಸೆ… ಪ್ರತಿ ಸಾಲಿನ ಕೊನೆಗೂ ಉದ್ದದ ಒಂದು ಎಳೆತ. ಹಲವು ಸಾಲು ಕಳೆದ ಮೇಲೆ ‘ವಿವರಿಸು’ವಿನ ಸಾಲು ಬಂತು. ಕಣ್ಣು ಬಿಟ್ಟು ತಪ್ಪಿಲ್ಲದೆ ಬರೆದಳು.

“ನನ್ನ ಅಮ್ಮ ಗದ್ದೆಯಲ್ಲಿ ಹಾಡು ಹೇಳಿಕೊಡುವವರು. ಇಡೀ ದಿನ ಹಾಡಿದ್ರೂ ಮುಗಿಯುದಿಲ್ಲ. ಒಂದು ಅಕ್ಷರ ಬರೆದಿಟ್ಟದ್ದಿಲ್ಲ. ನಂಗೂ ಹಾಗೆಯೇ ತಲೆಗೆ ಹೋಗುದು.”

ಸುಪ್ರಿತಾಳ ಮುಖ ಬಿಸಿಯಾಯಿತು. “ತಪ್ಪು ತಿಳೀಬೇಡಿ ಸೀತಕ್ಕ. ಒಂದು ಸಂಶಯ ಇತ್ತು, ಅಷ್ಟೇ.”

“ಪರವಾಗಿಲ್ಲ ಟೀಚರೆ. ಅಭಿರಾಮನನ್ನು ಹೀಗೆ ಕೂರಿಸಿ ಕೇಳುದು ಯಾವಾಗ?”

ಅವನನ್ನು ಪರೀಕ್ಷಿಸಬೇಕೆಂದು ಸುಪ್ರಿತಾಳಿಗೆ ಹೊಳೆದೇ ಇರಲಿಲ್ಲ. ಕಾಯಂ ಮಾಡಲು ಡಾಕ್ಟರಿಗೆ ಕೊಡುವ ಚೀಟಿಯಲ್ಲಿ ಬೆಳಿಗ್ಗೆಯೇ ಅವನ ಹೆಸರು ಬರೆದಾಗಿತ್ತು. ನಾಚಿಕೆಯಿಂದ ಅವಳಿಗೆ ಸೀತಕ್ಕನ ಮುಖ ನೋಡಲಾಗಲಿಲ್ಲ. ಕೌಂಟರಿಗೆ ಫೋನ್ ಮಾಡಿದಳು.

“ಅಭಿರಾಮ್, ಒಮ್ಮೆ ಒಳಗೆ ಬನ್ನಿ. ಪೆನ್ನು ತನ್ನಿ.”

“ನೀವಿನ್ನು ಹೋಗಿ ಸೀತಕ್ಕ, ಎಣ್ಣೆ ಒಲೆಯ ಮೇಲುಂಟಲ್ಲ” ಎಂದಳು ಫೋನ್ ಇಟ್ಟು.

“ಇಳಿಸಿಯೇ ಬಂದದ್ದು” ಎಂದ ಸೀತಕ್ಕ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಎಳೆದು, ಸೆರಗು ಸರಿಪಡಿಸಿಕೊಂಡು ಕೂತಳು. “ನೀವು ಕೇಳುದು ನಾನೂ ನೋಡ್ಬೇಕು.”

ಮತ್ತೆ ಹೋಗಿ ಎನ್ನದೆ, ಸುಪ್ರಿತಾ ಅಭಿರಾಮನಿಗೆ ಇನ್ನೊಂದು ಕುರ್ಚಿಯನ್ನು ಎದುರಿಗೆ ಎಳೆದಿಟ್ಟಳು.