ದ್ಯಾಮಕ್ಕನ ಹಾಡಿಗೆ ತಂದ ರೆಕಾರ್ಡರ್

ಕೊಟ್ಟೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಗವಿಸಿದ್ದೇಶನಿಗೆ ಕುರಿ ಕಾಯುವವರ ಹಾಡುಗಳನ್ನು ಸಂಗ್ರಹಿಸಲು ಸಣ್ಣದೊಂದು ಅನುದಾನ ಸಿಕ್ಕಿತು. ಹಾಡುವವರನ್ನು ಹುಡುಕುವ ಕಷ್ಟ ಅವನಿಗಿರಲಿಲ್ಲ. ಅವನ ಹಳೆಯ ವಿದ್ಯಾರ್ಥಿ ಬೀರಲಿಂಗೇಶನ ತಾಯಿ, ತಂಬ್ರಹಳ್ಳಿಯ ದ್ಯಾಮಕ್ಕ, ಹುತ್ತದಿಂದ ಕುರಿ ಹೊರಟು ಬಂದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡುತ್ತಿದ್ದಳು. ಸೊಲ್ಲಿಗೆ ಸೊಲ್ಲು ಕೂಡಿಸಲು ಇಟ್ಟಿಗಿ ಊರಿಗೆ ಮದುವೆ ಮಾಡಿಕೊಟ್ಟ ತಂಗಿ ಮಂಜಮ್ಮ ಜೊತೆಗಿರಬೇಕಿತ್ತು, ಅಷ್ಟೇ. ಹುಡುಕಬೇಕಾಗಿದ್ದದ್ದು ರೆಕಾರ್ಡರ್.

ಎರಡು ತಿಂಗಳು ಅವನು ಅದೊಂದನ್ನೇ ಮಾಡಿದ. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಫೋನಿನಲ್ಲಿ ವಿಡಿಯೊಗಳನ್ನು ನೋಡುತ್ತಿದ್ದ. ಯಾವುದರ ಮೈಕ್ ಎಷ್ಟು ದೂರದ ದನಿ ಹಿಡಿಯುತ್ತದೆ, ಯಾವುದಕ್ಕೆ ಗಾಳಿ ತಡೆಯುವ ತುಪ್ಪಳದ ಟೋಪಿ ಬರುತ್ತದೆ, ಯಾವುದರ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಯಿತು. ಜೊತೆಗೆ ಕೆಲಸ ಮಾಡುವ ಪುಷ್ಪಲತಾ ಹತ್ತು ವರ್ಷದಿಂದ ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಪದ ರೆಕಾರ್ಡ್ ಮಾಡುತ್ತ ಬಂದವಳು. ಅವಳ ಬಳಿ ಅಂಗೈಯಗಲದ ಒಂದು ರೆಕಾರ್ಡರ್ ಇತ್ತು, ಬಣ್ಣ ಹೋಗಿ ಬೆಳ್ಳಗಾದದ್ದು. ಬೇಕಿದ್ದರೆ ಅದನ್ನೇ ಒಯ್ಯಿರಿ ಎಂದೂ ಅವಳು ಹೇಳಿದ್ದಳು. ಅವನು ಹೊಸದೇ ಬೇಕೆಂದಾಗ ಒಂದು ಮಾತು ಸೇರಿಸಿದಳು.

"ಕಣ್ಣು ಹಾಡೋರ ಮ್ಯಾಲಿರಬೇಕು ಸರ್, ಡಬ್ಬಿ ಮ್ಯಾಲಲ್ಲ. ನೋಡದಂಗ ಒತ್ತಾಕ ಬರೋದು ತಗಳ್ರಿ."

ಗವಿಸಿದ್ದೇಶನಿಗೆ ಅವಳ ರೆಕಾರ್ಡರ್ ಆಟಿಕೆಯಂತೆ ಕಂಡಿತು. ವಿಚಾರ ಸಂಕಿರಣವೊಂದರಲ್ಲಿ ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಹೆಗಲಿಗೆ ದೊಡ್ಡ ಯಂತ್ರ ನೇತುಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತದ್ದನ್ನು ಅವನು ನೋಡಿದ್ದ. ಜನ ಅವರಿಗೆ ದಾರಿ ಬಿಟ್ಟು ಸರಿಯುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಅದು. ಆದರೆ ಕಾಲೇಜಿನ ಸಮಿತಿಯ ಮುಂದೆ, ಇಬ್ಬರು ಹಾಡುವವರ ದನಿಯನ್ನು ಬೇರೆ ಬೇರೆ ಮೈಕಿನಲ್ಲಿ ಹಿಡಿಯಬೇಕು, ಅದಕ್ಕೆ ದೊಡ್ಡದೇ ಆಗಬೇಕು ಎಂದು ವಾದಿಸಿದ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದ್ದುದರಿಂದ ಉಳಿದದ್ದನ್ನು ಅದರ ಹಿಂದೆ ಬಚ್ಚಿಡುವುದು ಸುಲಭವಾಯಿತು.

ಯಂತ್ರ ಬಂತು. ಜೊತೆಗೆ ಬಂದ ದಪ್ಪ ಪುಸ್ತಕದಲ್ಲಿ ಮೈಕುಗಳ ಅಧ್ಯಾಯವನ್ನು ಮಾತ್ರ ಓದಿದ. ಮನೆಯಲ್ಲಿ ಗುಂಡಿಗಳನ್ನು ಅಷ್ಟಿಷ್ಟು ಒತ್ತಿ ನೋಡಿದಾಗ ಅಡುಗೆಮನೆಯ ಮಾತು ಸ್ಪಷ್ಟವಾಗಿ ಮುದ್ರಣವಾಗಿತ್ತು. ಎಷ್ಟು ಸಲ ಒತ್ತಿದೆನೆಂದು ಲೆಕ್ಕವಿಡಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ತಂಬ್ರಹಳ್ಳಿಗೆ ಹೋದ. ದ್ಯಾಮಕ್ಕ ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದಳು. ಮಂಜಮ್ಮ ಹಿಂದಿನ ದಿನವೇ ಬಂದಿದ್ದಳು. ಅವನು ಎರಡು ಮೈಕ್ ನಿಲ್ಲಿಸಿದ, ಕೋಳಿಗಳನ್ನು ಹಿತ್ತಲಿಗೆ ಓಡಿಸಲು ಹೇಳಿದ. ಬೀರಲಿಂಗೇಶ್ ತನ್ನ ಫೋನನ್ನು ಕಟ್ಟೆಯ ಮೇಲೆ ರೆಕಾರ್ಡಿಗೆ ಇಟ್ಟಿದ್ದ. ಅದರಿಂದ ನನ್ನ ಯಂತ್ರದಲ್ಲಿ ಗುಯ್‌ಗುಡುತ್ತದೆ ಎಂದು ಹೇಳಿ ಗವಿಸಿದ್ದೇಶ್ ಅದನ್ನು ಆಫ್ ಮಾಡಿಸಿದ.

ಆಮೇಲೆ ಕೆಂಪು ಗುಂಡಿ ಒತ್ತಿದ. ದೀಪ ಮಿನುಗತೊಡಗಿತು.

ದ್ಯಾಮಕ್ಕ ಹಾಡಿದಳು. ಹೆಡ್‌ಫೋನಿನಲ್ಲಿ ಅವಳ ಬಳೆಯ ಸದ್ದು, ಉಸಿರು ಎಳೆದುಕೊಳ್ಳುವುದು, ಮಂಜಮ್ಮ ಸೊಲ್ಲು ಎತ್ತುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ ಕೇಳುತ್ತಿತ್ತು. ಹುತ್ತ ಬಿರಿದು ಕುರಿಗಳು ಹೊರಬಂದು ಅಡವಿ ತುಂಬುವ ಭಾಗ ಬಂದಾಗ ಅಕ್ಕ ತಂಗಿ ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದರು. ಇಂಥದ್ದನ್ನು ತಾನಲ್ಲದೆ ಇನ್ಯಾರು ಹೀಗೆ ಹಿಡಿಯಬಲ್ಲರು ಎಂದು ಅವನಿಗೆ ಅನ್ನಿಸಿತು. ಬಿಸಿಲು ನೆತ್ತಿಗೆ ಬಂದಾಗ ಹಾಡು ಮುಗಿಯಿತು.

ನೀರು ಕುಡಿದು ದ್ಯಾಮಕ್ಕ, ಒಂದೀಟು ಕೇಳಿಸಿರಿ ಎಂದಳು. ಅವನು ಗುಂಡಿ ಒತ್ತಿದ. ಪರದೆಯ ಮೇಲೆ, ಯಾವ ಫೈಲೂ ಇಲ್ಲ ಎಂದು ಬಂತು. ಮತ್ತೆ ಒತ್ತಿದ. ಅದೇ ಬಂತು. ಒಂದು ಸಲ ಒತ್ತಿದರೆ ಯಂತ್ರ ಸಿದ್ಧವಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಮಾತ್ರ ಓಡುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಕೇಳಿದ್ದು ಆಗ ನೆನಪಾಯಿತು. ಮೂರು ತಾಸು ಅದು ಕೇಳಿಸಿತ್ತೇ ಹೊರತು ಒಂದಕ್ಷರವನ್ನೂ ಹಿಡಿದಿರಲಿಲ್ಲ.

ಆಗಲೇ ಹೇಳಬಹುದಿತ್ತು. ಮಂಜಮ್ಮ ಇನ್ನೂ ಅಲ್ಲೇ ಕೂತಿದ್ದಳು. ಆದರೆ ಅಂಗಳದಲ್ಲಿದ್ದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು.

"ಭಾಳ ಚಲೋ ಬಂದೈತಿ ಯವ್ವಾ. ಕಂಪ್ಯೂಟರಿಗೆ ಹಾಕಿ ಕೇಳಬೇಕು, ಇಲ್ಲಿ ಆಗಂಗಿಲ್ಲ" ಎಂದ.

ಅವರು ಊಟಕ್ಕೆ ಎಬ್ಬಿಸಿದರು. ದ್ಯಾಮಕ್ಕ ತಾನೇ ರೊಟ್ಟಿ ನೀಡಿ, ಮೇಲೆ ಬೆಣ್ಣೆ ಇಟ್ಟಳು. ಅವನು ತುತ್ತನ್ನು ನೀರಿನ ಜೊತೆ ನುಂಗಿದ.

ಕಾಲೇಜಿಗೆ ಬಂದು, ಯಂತ್ರ ಕೆಟ್ಟದ್ದು ಬಂದಿದೆ ಎಂದು ಪುಷ್ಪಲತಾಳಿಗೆ ಹೇಳಿದ. ಅವಳು ಅದನ್ನು ಕೈಗೆತ್ತಿಕೊಂಡು ಒಮ್ಮೆ ಒತ್ತಿದಳು, ದೀಪ ಮಿನುಗಿತು. ಇನ್ನೊಮ್ಮೆ ಒತ್ತಿದಳು, ದೀಪ ನಿಂತು ಉರಿಯಿತು, ಅಂಕಿಗಳು ಓಡತೊಡಗಿದವು. ಅವಳು ಯಂತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಇದು ಕೆಟ್ಟಿಲ್ಲ ಸರ್ ಎಂದಷ್ಟೇ ಹೇಳಿ ತರಗತಿಗೆ ಹೋದಳು.

ಬೀರಲಿಂಗೇಶ್ ಆಗಾಗ ಫೋನ್ ಮಾಡಿದ. ಗವಿಸಿದ್ದೇಶ್ ಎತ್ತಲಿಲ್ಲ. ಫೆಬ್ರವರಿಯಲ್ಲಿ ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಅವನು ದೂರದಿಂದ ಕಂಡಾಗ ಗವಿಸಿದ್ದೇಶ್ ಪಕ್ಕದ ಹೋಟೆಲಿಗೆ ನುಗ್ಗಿ, ಕೈ ತೊಳೆಯುವವನಂತೆ ನಲ್ಲಿಯ ಮುಂದೆ ನಿಂತ. ತನ್ನದೇ ವಿದ್ಯಾರ್ಥಿಗೆ ಹೆದರಿ ಬೆನ್ನು ತಿರುಗಿಸಿ ನಿಂತಿದ್ದೇನೆ ಎನ್ನುವುದು ನೀರು ಕೈಮೇಲೆ ಬೀಳುತ್ತಿದ್ದಾಗ ಹೊಳೆಯಿತು. ಮುಂದಿನ ಭಾನುವಾರ ತಂಬ್ರಹಳ್ಳಿಗೆ ಹೋದ.

ದ್ಯಾಮಕ್ಕ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ.

"ಅವತ್ತಾ ಗೊತ್ತಾಗಿತ್ತೇನು?"

"ಅವತ್ತಾ ಗೊತ್ತಾಗಿತ್ತು ಯವ್ವಾ."

"ಮತ್ತ ಚಲೋ ಬಂದೈತಿ ಅಂದ್ರೆಲ್ಲಾ."

ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ರೋಜಾಳ ಕಡೆ ಕತ್ತು ತಿರುಗಿಸಿದಳು. "ಹಾಡು ಕಲಿತೀನಿ ಅಂತ ಇಕಿ ದಿನಾ ಕೂಡ್ತಿದ್ಲು. ಈಗ ಬಿಡಬೇ, ಎಲ್ಲಾ ಮೇಷ್ಟ್ರ ಡಬ್ಬ್ಯಾಗ ಐತಿ ಅಂತ ನಾನಾ ಎಬ್ಬಿಸಿ ಕಳಿಸೀನಿ."

ಇನ್ನೊಮ್ಮೆ ಹಾಡುತ್ತೀರಾ ಎಂದು ಕೇಳುವ ಧೈರ್ಯ ಗವಿಸಿದ್ದೇಶನಿಗೆ ಬರಲಿಲ್ಲ. ಅವಳೇ ಹೇಳಿದಳು: ಮಂಜಮ್ಮನೂ ಮನೆಯವರೂ ಕುರಿ ಹೊಡೆದುಕೊಂಡು ಹೊಳೆಯ ಕಡೆ ಗದ್ದೆಗಳಿಗೆ ಹೋಗಿದ್ದಾರೆ, ಮಳೆಯಾಗುವವರೆಗೆ ಬರುವುದಿಲ್ಲ. ಅವಳಿಲ್ಲದೆ ಹಾಡು ಏಳುವುದಿಲ್ಲ. "ಅಕಿಗೆ ನಾ ಹೇಳಂಗಿಲ್ಲ. ನೀವಾ ಹೋಗಿ ಹೇಳ್ರಿ."

ಬೀರಲಿಂಗೇಶ್ ಜಾಗ ತಿಳಿಸಿದ. ಮಾತು ಎರಡೇ ಆಡಿದ. ಗವಿಸಿದ್ದೇಶ್ ಬೈಕಿನಲ್ಲಿ ಹೋಗಿ, ಕೊಯ್ದ ಗದ್ದೆಯಲ್ಲಿ ತಡಿಕೆಯ ಬೇಲಿ ಹಾಕಿ ಕುರಿ ಕೂಡಿದ್ದ ಕಡೆ ಮಂಜಮ್ಮನನ್ನು ಕಂಡ. ಇವಳಾದರೂ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಕೇಳಿ ಮುಗಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನಮ್ಮಕ್ಕಗ ಹೇಳಬ್ಯಾಡ್ರಿ. ಅವತ್ತ ನಾನೂ ಎರಡು ಸೊಲ್ಲು ಮರ್ತಿದ್ದೆ. ಬಾಯಿ ಆಡ್ಸಿ ದಾಟಿಸೀನಿ. ಡಬ್ಬ್ಯಾಗ ಅದು ಸಿಕ್ಕೈತಿ ಅಂತ ಇಷ್ಟು ದಿನ ಅಂಜಿಕೊಂಡಿದ್ದೆ."

ಅವನಿಗೆ ನಗಲಾಗಲಿಲ್ಲ. ತನ್ನ ಸುಳ್ಳು ಇನ್ನೊಬ್ಬಳನ್ನು ಎರಡು ತಿಂಗಳು ಅಂಜಿಸಿತ್ತು.

ಮಳೆಗಾಲದ ಆರಂಭದಲ್ಲಿ ಮಂಜಮ್ಮ ತಿರುಗಿ ಬಂದಳು. ಅಷ್ಟರಲ್ಲಿ ಗವಿಸಿದ್ದೇಶ್ ಕಾಲೇಜಿನ ಸಮಿತಿಯ ಮುಂದೆ ನಡೆದದ್ದನ್ನು ಹೇಳಿ, ಪುಷ್ಪಲತಾಳನ್ನು ಜೊತೆಗೆ ಬರುವಂತೆ ಕೇಳಿಕೊಂಡಿದ್ದ. ಅವಳು ತನ್ನ ಹಳೆಯ ರೆಕಾರ್ಡರನ್ನು ಕಂಬಳಿಯ ತುದಿಗೆ ಇಟ್ಟು, ನೋಡದೆಯೇ ಒತ್ತಿದಳು. ಅವನು ಗೋಡೆಗೆ ಒರಗಿ ಕೂತ. ಈ ಸಲ ರೋಜಾ ಅತ್ತೆಯ ಮಗ್ಗುಲಲ್ಲಿ ಕೂತು ತಿಳಿದಲ್ಲಿ ದನಿ ಕೂಡಿಸಿದಳು. ದ್ಯಾಮಕ್ಕ ಎರಡು ಕಡೆ ಕೆಮ್ಮಿ ನಿಂತಳು, ಒಂದು ಕಡೆ ಕಥೆ ಮುಂದಕ್ಕೆ ಜಿಗಿದು ಮತ್ತೆ ಹಿಂದಕ್ಕೆ ಬಂತು.

ಮುಗಿದ ಮೇಲೆ ಪುಷ್ಪಲತಾ ಅಲ್ಲೇ ಕೇಳಿಸಿದಳು. ದ್ಯಾಮಕ್ಕ ಗಲ್ಲಕ್ಕೆ ಕೈ ಹಚ್ಚಿ ತನ್ನ ದನಿಯನ್ನೇ ಬಹಳ ಹೊತ್ತು ಆಲಿಸಿದಳು. ಆಮೇಲೆ ಗವಿಸಿದ್ದೇಶನ ಕಡೆ ನೋಡಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು.

"ಅವತ್ತಿನದು ಇದಕಿಂತ ಚಲೋ ಇತ್ತು."

"ಹೌದು ಯವ್ವಾ" ಎಂದ ಅವನು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಅವಳಿಗಿಂತ ಹತ್ತಿರದಿಂದ ಕೇಳಿದವನು ಅವನೊಬ್ಬನೇ.